ವಾರಕ್ಕೆ ನೂರೆಂಬತ್ತು ಕಿಲೋಮೀಟರ್

ನಮ್ಮ ಭಾವನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೆ ನಡುವೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ, ಎರಡು ತುತ್ತು ಆದ ಮೇಲೆ ಮತ್ತೆ ಎದ್ದು ಅದೇ ಕಿಟಕಿ ತೆರೆಯುತ್ತಾರೆ. ಕೂತಷ್ಟು ಹೊತ್ತೂ ಎಡಗಾಲು ತನ್ನ ಪಾಡಿಗೆ ತಾನು ಅದುರುತ್ತಿರುತ್ತದೆ. ಅಂಡು ಸುಟ್ಟ ಬೆಕ್ಕಿನ ಹಾಗೆ ಯಾಕೆ ತಿರುಗ್ತೀರಿ ಎಂದು ಅಕ್ಕ ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ, ಅವರಿನ್ನೂ ಉತ್ತರ ಕೊಟ್ಟಿಲ್ಲ, ಏಕೆಂದರೆ ಅವಳು ಕೇಳಿ ಮುಗಿಸುವಷ್ಟರಲ್ಲಿ ಅವರು ಪಕ್ಕದ ಕೋಣೆಗೆ ಹೋಗಿರುತ್ತಾರೆ. ಇಷ್ಟೆಲ್ಲ ತಿರುಗಾಟವಿದ್ದರೂ, ಓಡುವುದು ಎಂಬ ಕೆಲಸವನ್ನು ಮಾತ್ರ ಅವರು ಜನ್ಮದಲ್ಲಿ ಮಾಡಿದವರಲ್ಲ. ಕಣ್ಣೆದುರೇ ಬಸ್ಸು ಹೊರಟರೂ ಹೋಗಲಿ ಬಿಡು, ಇನ್ನೊಂದು ಬರುತ್ತೆ ಎನ್ನುವವರು. ಬಸ್ ಡಿಪೋದಲ್ಲಿ ಕೆಲಸ ಮಾಡುವವರಿಗೆ ಆ ಧೈರ್ಯ ಇರುತ್ತದೆ.

ಡಿಪೋದಲ್ಲಿ ಅವರದು ಕಳೆದುಹೋದ ಸಾಮಾನುಗಳ ವಿಭಾಗ. ಪ್ರಯಾಣಿಕರು ಬಸ್ಸಿನಲ್ಲಿ ಮರೆತದ್ದೆಲ್ಲ ಅಲ್ಲಿಗೆ ಬರುತ್ತದೆ. ಗೋಡೆಯುದ್ದಕ್ಕೂ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಂದು ಸಲ ಹಲ್ಲಿನ ಸೆಟ್ಟು. ಬಂದದ್ದು ಬಂದಲ್ಲೇ ಇರುತ್ತದೆ, ಕೇಳಿಕೊಂಡು ಬರುವವರು ಅಪರೂಪ. ಇಡೀ ಊರಿನಲ್ಲಿ ಅಷ್ಟು ನಿಶ್ಚಲವಾದ ಕೋಣೆ ಇನ್ನೊಂದಿಲ್ಲ, ಅಲ್ಲಿಗೆ ಹುಡುಕಿ ಹುಡುಕಿ ಇವರನ್ನೇ ಕೂರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ನನ್ನದು ಅವರ ಮನೆಯ ಕೆಳಗೇ ಫೋಟೋ ಸ್ಟುಡಿಯೋ. ಅಕ್ಕನ ತಮ್ಮ ಎಂಬ ಒಂದೇ ಅರ್ಹತೆಯ ಮೇಲೆ ಊಟ ತಿಂಡಿ ಎಲ್ಲ ಮಹಡಿಯಲ್ಲಿ. ಹಾಗಾಗಿ ಈಗ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ಅಕ್ಕನ ಮಗಳು ಪುಟ್ಟಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ. ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹುಡುಗನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು, ಸಣಕಲು, ಮಾತು ಕಡಿಮೆ, ದೂರದ ಓಟಗಾರ. ತೊಡಕು ಇದ್ದದ್ದು ಅವನ ಅಪ್ಪನ ಹತ್ತಿರ. ಅವರು ನಿವೃತ್ತ ಓಟದ ಕೋಚ್. ಊರಿಗೆಲ್ಲ ಅವರು ಕೋಚ್ ಎಂದೇ ಗೊತ್ತು, ಮಗನೂ ಹಾಗೆಯೇ ಕರೆಯುತ್ತಾನೇನೋ ಎಂದು ನನಗೆ ಅನುಮಾನವಿತ್ತು. ಮಗನ ಕೈಯಲ್ಲಿ ಒಂದು ದೊಡ್ಡ ಮ್ಯಾರಥಾನ್ ಗೆಲ್ಲಿಸಬೇಕು ಎಂಬುದೊಂದೇ ಅವರ ಆಸೆ. ಮದುವೆಯಾದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಕಾಲು ಕೆಡುತ್ತದೆ, ಆದ್ದರಿಂದ ನಾಲ್ಕು ವರ್ಷ ಮದುವೆಯ ಮಾತೇ ಬೇಡ ಎಂಬುದು ಅವರ ಲೆಕ್ಕ. ಅಪ್ಪ ಹೂಂ ಅನ್ನದೆ ಹುಡುಗ ಉಸಿರಾಡುವವನೂ ಅಲ್ಲ. ಪುಟ್ಟಿ ಮಾತ್ರ ನಾಲ್ಕು ವರ್ಷ ಕಾಯೋಕೆ ನಾನೇನು ಕೊಡೆಯಾ ಎಂದು ತನ್ನಪ್ಪನನ್ನೇ ಕೇಳಿದಳು.

ಕೊನೆಗೆ ಹುಡುಗ ಬಹಳ ಬೇಡಿಕೊಂಡು ಅಪ್ಪನನ್ನು ನಮ್ಮ ಮನೆಗೆ ಚಹಾಕ್ಕೆ ಕರೆತಂದ. ಕೋಚ್ ಬಂದದ್ದು ಇಲ್ಲ ಎನ್ನುವುದಕ್ಕೇ. ಅದನ್ನು ಮರ್ಯಾದೆಯಿಂದ ಹೇಳಲು ಸರಿಯಾದ ಸಮಯ ಕಾಯುತ್ತ ಚಹಾ ಹೀರುತ್ತಿದ್ದರು. ಅಕ್ಕ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳು. ಪುಟ್ಟಿ ಉಗುರು ಕಚ್ಚುತ್ತಿದ್ದಳು. ಅಷ್ಟರಲ್ಲಿ ಕೋಚ್ ಕಣ್ಣು ಮೇಜಿನ ಕೆಳಗೆ ಅದುರುತ್ತಿದ್ದ ಭಾವನ ಎಡಗಾಲಿನ ಮೇಲೆ ಬಿತ್ತು. ಆ ಕಾಲಿನಿಂದ ಮೇಲಕ್ಕೆ, ಅವರ ಬಡಕಲು ಮೈ, ಒಳಗೆ ಹೋದ ಕೆನ್ನೆಗಳವರೆಗೆ ಒಂದು ಸಲ ನೋಡಿದರು.

"ನೀವು ಓಡ್ತೀರಾ?" ಎಂದರು.

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ನಾನು ಕೆಳಗೆ ಹೋಗಿ ಯಾರದೋ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಆದರೆ ಭಾವ ಮಗಳ ಮುಖ ನೋಡಿದರು, "ಓಡ್ತೀನಿ" ಎಂದುಬಿಟ್ಟರು. ಅಕ್ಕ ಕೋಚ್ ಮುಂದೆ ಚಾಚಿದ್ದ ಬಿಸ್ಕತ್ತಿನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ವಾರಕ್ಕೆ ಎಷ್ಟು ಕಿಲೋಮೀಟರ್?"

ಭಾವನಿಗೆ ಕಿಲೋಮೀಟರ್ ಎಂದರೆ ಬಸ್ಸಿನ ಮಾರ್ಗ. ಮನುಷ್ಯ ಎಷ್ಟು ಓಡಬಹುದು ಎಂದು ಅವರು ಯೋಚಿಸಿದವರೇ ಅಲ್ಲ. ಡಿಪೋದಿಂದ ಹೊರಡುವ ಅತಿ ದೂರದ ಬಸ್ಸು, ಗುಡ್ಡ ಹತ್ತಿ ಇಳಿದು ಹೋಗುವುದು, ಅದರ ಅಂಕಿ ಅವರ ನಾಲಿಗೆಯ ಮೇಲೆ ಸದಾ ಇರುತ್ತಿತ್ತು.

"ನೂರೆಂಬತ್ತು," ಎಂದರು.

ಕೋಚ್ ಕಪ್ಪು ಕೆಳಗಿಟ್ಟರು. ದೊಡ್ಡ ದೊಡ್ಡ ಓಟ ಗೆಲ್ಲುವವರು ಓಡುವುದು ವಾರಕ್ಕೆ ಅಷ್ಟು, ತಮ್ಮ ಮಗ ನೂರೈವತ್ತು ದಾಟಿದ ವಾರ ಜ್ವರ ಬಂದು ಮಲಗಿದ್ದ, ಈ ವಯಸ್ಸಿನಲ್ಲಿ, ಅದೂ ನೌಕರಿ ಮಾಡಿಕೊಂಡು, ಯಾರಿಗೂ ಹೇಳದೆ ಒಬ್ಬ ಮನುಷ್ಯ ನೂರೆಂಬತ್ತು ಓಡುತ್ತಾನೆಂದರೆ ಏನರ್ಥ ಎಂದು ಮಗನತ್ತ ತಿರುಗಿ ಕೇಳಿದರು. ಮಗನಿಗೂ ಅರ್ಥ ಗೊತ್ತಿರಲಿಲ್ಲ. ಯಾಕೆ ಯಾರಿಗೂ ಹೇಳಿಲ್ಲ ಎಂದು ಭಾವನನ್ನು ಕೇಳಿದರೆ, ಹೇಳೋಕೆ ಏನಿದೆ ಅದರಲ್ಲಿ ಎಂದರು. ಆ ದಿನ ಅವರು ಆಡಿದ ಸತ್ಯ ಅದೊಂದೇ. ಕೋಚ್ ಅದನ್ನು ವಿನಯ ಎಂದುಕೊಂಡು ಎದ್ದು ನಿಂತರು, ಕೈ ಹಿಡಿದುಕೊಂಡರು, ಅಲ್ಲಿಂದ ಮುಂದೆ ಅವರನ್ನು ಗುರುಗಳೇ ಎಂದೇ ಕರೆದರು.

ಇಂಥ ಮನೆಯಲ್ಲಿ ತಮ್ಮ ಮಗನ ಕಾಲು ಕೆಡಲಾರದು ಎಂಬ ನಂಬಿಕೆ ಅವರಿಗೆ ಬಂದಿತ್ತು. ಆದರೆ ಕೋಚ್ ಆದವರು ಕಣ್ಣಾರೆ ನೋಡದೆ ಯಾವುದನ್ನೂ ಒಪ್ಪುವುದಿಲ್ಲ. ಒಂದು ತಿಂಗಳು ಗುರುಗಳ ಅಭ್ಯಾಸ ನೋಡುತ್ತೇನೆ, ತಿಂಗಳ ಕೊನೆಗೆ ಊರ ಓಟವಿದೆ, ಗುರುಗಳೂ ಓಡಲಿ, ನನ್ನ ಮಗನೂ ಓಡಲಿ, ಅಂದು ಸಂಜೆ ಮದುವೆಯ ಮಾತು ಆಡೋಣ ಎಂದು ಹೇಳಿ ಹೋದರು.

ಅವರು ಗೇಟು ದಾಟಿದ ಮೇಲೆ ಅಕ್ಕ ಬಿಸ್ಕತ್ತಿನ ತಟ್ಟೆ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತು ಕೂತಳು. ಗಂಡ ಅನ್ನೋನು ಸುಳ್ಳು ಹೇಳಬಾರದು ಎಂದು ನಾನು ಹೇಳಲ್ಲ, ಆದರೆ ಹೇಳೋವಾಗ ಒಂದು ಅಳತೆ ಬೇಡವಾ ಎಂದಳು. ಪುಟ್ಟಿ ಅಳುವುದೋ ನಗುವುದೋ ತಿಳಿಯದೆ ಅಪ್ಪನ ಹಿಂದೆ ಹಿಂದೆಯೇ ತಿರುಗಿದಳು. ಭಾವ ಮನೆಯ ಎಲ್ಲ ಕಿಟಕಿಗಳನ್ನೂ ಒಂದು ಸುತ್ತು ಮುಚ್ಚಿ ತೆರೆದರು. ನಾಳೆ ಸ್ವಲ್ಪ ದೂರ ಜೋರಾಗಿ ಓಡಿ, ತಿರುವಿನಲ್ಲಿ ಕಾಲು ಉಳುಕಿತು ಎಂದು ಕೂತುಬಿಡುತ್ತೇನೆ, ಕಾಲು ಉಳುಕಿದವನನ್ನು ತಿಂಗಳಾನುಗಟ್ಟಲೆ ಯಾರು ಓಡಿಸುತ್ತಾರೆ ಎಂಬುದು ಅವರ ಉಪಾಯ.

ಬೆಳಕು ಹರಿಯುವ ಮೊದಲೇ ಕೋಚ್ ಸೈಕಲ್ಲು ಗೇಟಿನ ಮುಂದೆ ನಿಂತಿತ್ತು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು. ಭಾವ ಡಿಪೋದ ಕಪಾಟಿನಿಂದ ತಂದ, ಯಾವನೋ ಓಟಗಾರ ಬಸ್ಸಿನಲ್ಲಿ ಮರೆತಿದ್ದ ಶೂ ಹಾಕಿಕೊಂಡು ಹೊರಬಂದರು. ಅದು ಒಂದು ಅಳತೆ ದೊಡ್ಡದು, ಹೆಜ್ಜೆ ಇಟ್ಟರೆ ಶೂ ಮೊದಲು ಹೋಗಿ ಕಾಲು ಆಮೇಲೆ ಹೋಗುತ್ತಿತ್ತು. ಉಪಾಯದಂತೆ ಜೋರಾಗಿ ಹೊರಟರು. ಆದರೆ ಎದುರುಮನೆಯ ಗೇಟು ದಾಟುವಷ್ಟರಲ್ಲೇ ಉಸಿರು ಖಾಲಿಯಾಯಿತು. ಉಳುಕಿಸಿಕೊಳ್ಳಬೇಕಾದ ತಿರುವು ಇನ್ನೂ ಎಲ್ಲೋ ದೂರದಲ್ಲಿತ್ತು. ಅಲ್ಲಿಂದ ಮುಂದೆ ಅವರು ಹೋದದ್ದನ್ನು ಓಟ ಎನ್ನಲು ಓಟಕ್ಕೇ ನಾಚಿಕೆಯಾಗಬೇಕು. ಮೊಣಕೈ ಮಡಚಿಕೊಂಡಿದ್ದರು ಎಂಬುದೊಂದೇ ಗುರುತು. ಹಾಲಿನವನು ಕ್ಯಾನು ಹೊತ್ತು ನಡೆದುಕೊಂಡೇ ಅವರನ್ನು ದಾಟಿ ಹೋದ. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ದಾಟಿದರು, ನಾಯಿ ಮಾತ್ರ ತಿರುಗಿ ತಿರುಗಿ ನೋಡಿತು. ಅಷ್ಟು ನಿಧಾನಕ್ಕೆ ಸೈಕಲ್ಲು ತುಳಿದರೆ ಬೀಳುತ್ತದೆ, ಹಾಗಾಗಿ ಕೋಚ್ ಇಳಿದು ತಳ್ಳಿಕೊಂಡು ನಡೆದರು.

ನಾನು ಹಿಂದೆಯೇ ಇದ್ದೆ. ಇನ್ನೇನು ಬಣ್ಣ ಬಯಲಾಯಿತು ಎಂದುಕೊಂಡು ಕೋಚ್ ಮುಖ ನೋಡಿದರೆ, ಅವರ ಕಣ್ಣು ಒದ್ದೆಯಾಗಿತ್ತು.

"ನೋಡಿದ್ರಾ?" ಎಂದು ನನಗೆ ಮೆಲ್ಲಗೆ ಹೇಳಿದರು. "ಇದು ಯಾರಿಗೂ ಬರಲ್ಲ. ನನ್ನ ಮಗನಿಗೆ ಇಷ್ಟು ವರ್ಷದಲ್ಲಿ ಇದನ್ನ ಕಲಿಸೋಕೆ ಆಗ್ಲಿಲ್ಲ."

ಆಮೇಲೆ ದಾರಿಯುದ್ದಕ್ಕೂ ವಿವರಿಸಿದರು. ಅರೆಬೆಂದ ಓಟಗಾರರು ದಿನಾ ಜೋರಾಗಿ ಓಡಿ ಮೈ ಕೆಡಿಸಿಕೊಳ್ಳುತ್ತಾರಂತೆ. ನಿಜವಾಗಿ ದೊಡ್ಡವರು ಹೆಚ್ಚಿನ ದಿನ ನಿಧಾನವಾಗಿಯೇ ಓಡುತ್ತಾರಂತೆ, ಬಲವನ್ನೆಲ್ಲ ಒಂದೆರಡು ದಿನಕ್ಕೆಂದು ಕೂಡಿಡುತ್ತಾರಂತೆ. ನೋಡಿದವರು ನಗುತ್ತಾರೆ, ದಾಟಿ ಹೋಗುತ್ತಾರೆ, ಆಗ ಜಂಭಕ್ಕೆ ಬಿದ್ದು ವೇಗ ಹೆಚ್ಚಿಸದವನೇ ಓಟಗಾರ. ಮಾತಾಡಿಕೊಂಡು ಓಡಲು ಆಗಬೇಕು, ಮಾತು ನಿಂತಿತೆಂದರೆ ವೇಗ ಜಾಸ್ತಿಯಾಯಿತು ಎಂದೇ ಅರ್ಥ. ಇಷ್ಟು ಹೇಳಿ, ಗುರುಗಳೇ, ಏನಾದ್ರೂ ಮಾತಾಡಿ ಎಂದರು.

ಭಾವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವರು ಕೊಡೆಗಳ ವಿಷಯ ಶುರು ಮಾಡಿದರು. ಜನ ಮಳೆಯ ದಿನಕ್ಕಿಂತ ಮಳೆ ನಿಂತ ದಿನ ಹೆಚ್ಚು ಕೊಡೆ ಮರೆಯುತ್ತಾರೆ, ಗಂಡ ಹೆಂಡತಿ ಜಗಳವಾಡಿ ಇಳಿದ ಬಸ್ಸಿನಲ್ಲಿ ಊಟದ ಡಬ್ಬಿ ಸಿಗುತ್ತದೆ, ಆ ಹಲ್ಲಿನ ಸೆಟ್ಟಿನ ಒಡೆಯ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಬಂದವನು ಬರೀ ಸನ್ನೆಯಲ್ಲಿ ಕೇಳಿದ್ದು, ಎಲ್ಲ ಹೇಳಿದರು. ಕೋಚ್ ಹೂಂಗುಟ್ಟುತ್ತ ನಡೆದರು. ಒಂದೆರಡು ದಿನ ಕಳೆದ ಮೇಲೆ ಅವರೂ ಮಾತಾಡತೊಡಗಿದರು, ತೀರಿಹೋದ ಹೆಂಡತಿಯ ವಿಷಯ ಹೇಳಿದರು. ಅವರು ಯಾರ ಹತ್ತಿರವೂ ಅದನ್ನು ಹೇಳಿದವರಲ್ಲ ಎಂದು ಆಮೇಲೆ ಗೊತ್ತಾಯಿತು.

ಅಲ್ಲಿಂದ ಭಾವ ಏನು ಮಾಡಿದರೂ ಅದು ಸಾಧನೆಯಾಯಿತು. ಮೀನಖಂಡ ಹಿಡಿದುಕೊಂಡು ಏಳಲಾಗದೆ ಮಲಗಿದ ದಿನ, ದೇಹ ಹೇಳಿದ್ದನ್ನು ಕೇಳ್ತಾರೆ ನೋಡಿ ಎಂದರು ಕೋಚ್. ಅರ್ಧ ದಾರಿಗೆ ಕಟ್ಟೆಯ ಮೇಲೆ ಕುಸಿದ ದಿನ, ಇನ್ನೂ ಶಕ್ತಿ ಇರುವಾಗಲೇ ನಿಲ್ಲಿಸೋದು ಎಂಥ ಸಂಯಮ ಎಂದರು. ವಾಚು ಕಟ್ಟದೆ ಬಂದರೆ, ಕಾಲಿಗೇ ಗಡಿಯಾರ ಗೊತ್ತಿದೆ ಎಂದರು. ಒಂದು ದಿನ ಮಾತ್ರ ಸಂಶಯ ಬಂದು, ಗುರುಗಳೇ, ಬೆಳಿಗ್ಗೆ ಇಷ್ಟೇ ಆದರೆ ನೂರೆಂಬತ್ತರಲ್ಲಿ ಉಳಿದದ್ದು ಯಾವಾಗ ಎಂದು ಕೇಳಿದರು.

"ಅದು ಡಿಪೋದಿಂದ ಹೋಗುತ್ತೆ," ಎಂದರು ಭಾವ.

ಅದೂ ನಿಜವೇ, ದಿನಾ ಬೆಳಿಗ್ಗೆ ಆರಕ್ಕೆ ಹೊರಡುವ ಬಸ್ಸು. ಕೋಚ್ ತಲೆದೂಗಿ, ನೋಡಿಯೇ ಬಿಡೋಣ ಎಂದು ಅಂದೇ ಮಧ್ಯಾಹ್ನ ಡಿಪೋಗೆ ಹೋದರು.

ಅಲ್ಲಿ ಭಾವ, ನಸುಕಿಗೇ ಎದ್ದ ಸುಸ್ತಿಗೆ, ಕೊಡೆಗಳ ನಡುವೆ ಯಾರದೋ ಸೂಟ್‌ಕೇಸಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಅವರ ಜೀವನದ ಮೊದಲ ಹಗಲುನಿದ್ದೆ ಅದು. ಡಿಪೋ ಮ್ಯಾನೇಜರು ಪಕ್ಕದಲ್ಲಿ ನಿಂತು, ಎಬ್ಬಿಸಿ ಬೈಯುವುದೋ ಬೈದು ಎಬ್ಬಿಸುವುದೋ ಎಂದು ಯೋಚಿಸುತ್ತಿದ್ದರು. ಕೋಚ್ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಹೊರಗೆ ಕರೆದರು. ಮೇಲ್ಮಟ್ಟದ ಓಟಗಾರರು ಮಧ್ಯಾಹ್ನ ಕಡ್ಡಾಯವಾಗಿ ಮಲಗುತ್ತಾರೆ, ಕಾಲು ಗಟ್ಟಿಯಾಗುವುದು ಓಡುವಾಗ ಅಲ್ಲ, ಮಲಗಿದಾಗ, ನಿಮ್ಮ ಡಿಪೋದಲ್ಲಿ ಎಂಥವರಿದ್ದಾರೆ ಎಂದು ನಿಮಗೆ ಗೊತ್ತೇ ಎಂದು ಕೇಳಿದರು. ಮ್ಯಾನೇಜರಿಗೆ ತಮ್ಮ ಡಿಪೋದಲ್ಲಿ ಕೆಟ್ಟು ನಿಂತ ಬಸ್ಸುಗಳು ಎಷ್ಟಿವೆ ಎಂದು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಮರುದಿನವೇ ಆ ಕೋಣೆಗೆ ಒಂದು ಹಾಸಿಗೆ ಬಂತು, ಬಾಗಿಲಿಗೆ ಸದ್ದು ಮಾಡಬೇಡಿ ಎಂಬ ಹಲಗೆ ಬಂತು. ಊಟವಾದ ಕೂಡಲೇ ಮ್ಯಾನೇಜರು ಖುದ್ದಾಗಿ ಬಂದು, ಮಲಗಿ ಸ್ವಾಮಿ, ಡಿಪೋದ ಮರ್ಯಾದೆ ನಿಮ್ಮ ಕಾಲಲ್ಲಿದೆ ಎನ್ನುತ್ತಿದ್ದರು. ಮಲಗಿ ಎಂದರೆ ಭಾವನಿಗೆ ನಿದ್ದೆ ಬರುವುದುಂಟೇ? ಕಣ್ಣು ಮುಚ್ಚಿಕೊಂಡು, ಕಾಲ್ಬೆರಳು ಮಾತ್ರ ಆಡಿಸುತ್ತ, ಹೊರಗೆ ಬಸ್ಸುಗಳು ಹೊರಡುವ ಸದ್ದು ಕೇಳುತ್ತ ಆ ಎರಡು ಗಂಟೆ ಅವರು ಅನುಭವಿಸಿದ ಹಿಂಸೆ ಯಾವ ಓಟಗಾರನೂ ಅನುಭವಿಸಿರಲಾರ. ಆಮೇಲೆ ಬಸ್ಸುಗಳು ಹೊರಡುವ ಸದ್ದೂ ನಿಂತಿತು. ಕಾಲಿನಿಂದ ಕೆಲಸ ಮಾಡುವವರು ನಾವಲ್ಲವೇ, ದಿನವಿಡೀ ಬ್ರೇಕು ತುಳಿಯುವುದು ಯಾರು ಎಂದು ಡ್ರೈವರುಗಳು ಕೇಳಿದರು, ದಿನವಿಡೀ ನಿಲ್ಲುವುದು ಯಾರು ಎಂದು ಕಂಡಕ್ಟರುಗಳು ಕೇಳಿದರು. ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನ ಇಡೀ ಡಿಪೋ ಮಲಗತೊಡಗಿತು. ನಿಲ್ದಾಣಗಳಲ್ಲಿ ಜನ ಕಾದು ಕಾದು ನಡೆದುಕೊಂಡೇ ಮನೆಗೆ ಹೋದರು. ಮೇಲಿನ ಕಚೇರಿಯಿಂದ ಫೋನು ಬಂದರೆ, ಸಾರ್, ಅಭ್ಯಾಸ ನಡೀತಾ ಇದೆ ಎಂದು ಮ್ಯಾನೇಜರು ಆಕಳಿಸುತ್ತ ಹೇಳಿದರಂತೆ.

ಬೀದಿಯದು ಇನ್ನೊಂದು ಕಥೆ. ಮೊದಲ ದಿನಗಳಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು, ಸೈಕಲ್ಲು ಹಿಡಿದ ಒಬ್ಬಾತ ದಿನಾ ನಿಮ್ಮ ಭಾವನನ್ನು ಹಿಂಬಾಲಿಸುತ್ತಿದ್ದಾನೆ, ಪೊಲೀಸಿಗೆ ಹೇಳಲೇ ಎಂದು ನನ್ನನ್ನು ಕೇಳಿದ್ದರು. ವಿಷಯ ತಿಳಿದ ಮೇಲೆ ಅವರೂ ಸೇರಿಕೊಂಡರು. ಬೆವರದೆ, ಏದುಸಿರು ಬಿಡದೆ ಮಾಡಬಹುದಾದ ಸಾಧನೆ ಒಂದಿದೆ ಎಂದರೆ ಯಾರಿಗೆ ಬೇಡ? ಮಂಡಿನೋವಿನವರು, ಬೊಜ್ಜಿನವರು, ಸೊಸೆಯ ಕಾಟಕ್ಕೆ ಮನೆ ಬಿಡಲು ನೆಪ ಹುಡುಕುತ್ತಿದ್ದವರು ಎಲ್ಲ ಬಂದರು. ಇಪ್ಪತ್ತು ಮೂವತ್ತು ಜನ ತಲೆ ತಗ್ಗಿಸಿಕೊಂಡು, ಮೆಲುದನಿಯಲ್ಲಿ ಮಾತಾಡುತ್ತ, ಆಮೆಯ ವೇಗದಲ್ಲಿ ಭಾವನ ಹಿಂದೆ ಹೊರಟರೆ ನೋಡಿದವರಿಗೆ ಏನನ್ನಿಸಬೇಕು? ಮೂಲೆಯ ಅಂಗಡಿಯವನು ಸತ್ತವರು ಯಾರೆಂದು ಕೇಳದೆಯೇ ಅರ್ಧ ಶಟರು ಎಳೆದು, ಕೈಮುಗಿದು ನಿಂತ.

ಹೀಗೆ ಎಲ್ಲರೂ ಖುಷಿಯಾಗಿದ್ದರು, ಭಾವನ ಹೊರತು. ಊರ ಓಟ ಹತ್ತಿರ ಬಂದಷ್ಟೂ ಅವರು ಕಿಟಕಿಗಳನ್ನು ಬಿಟ್ಟು ಬಾಗಿಲುಗಳಿಗೆ ಕೈಹಾಕಿದರು. ಒಂದು ಸಂಜೆ ಆ ಎಕ್ಸ್‌ರೇ ಹುಡುಗ ಫೋಟೋ ತೆಗೆಸುವ ನೆಪದಲ್ಲಿ ನನ್ನ ಸ್ಟುಡಿಯೋಗೆ ಬಂದ. ಭಾವ ಅಲ್ಲೇ ಲೈಟಿನ ಸ್ಟ್ಯಾಂಡನ್ನು ಅತ್ತ ಇತ್ತ ಸರಿಸುತ್ತಿದ್ದರು. ಹುಡುಗ ಸ್ಟೂಲಿನ ಮೇಲೆ ಕೂತ, ನಗು ಎಂದರೆ ನಗಲಿಲ್ಲ.

"ಅಂಕಲ್, ನನಗೆ ಓಡೋದು ಸಾಕಾಗಿದೆ," ಎಂದ. "ಅಪ್ಪನಿಗೆ ನಾನು ಹೇಳಿದ್ರೆ ಕೇಳಿಸಲ್ಲ. ನೀವು ಹೇಳಿದ್ರೆ ಕೇಳ್ತಾರೆ."

ಅವನಿಗೆ ಆಸ್ಪತ್ರೆಯ ಕೆಲಸವೇ ಇಷ್ಟವಂತೆ. ಚಿಕ್ಕವನಿದ್ದಾಗಿಂದ ರಾತ್ರಿ ಎಂಟಕ್ಕೇ ಮಲಗಿ ನಸುಕಿಗೆ ಎದ್ದಿದ್ದಾನೆ, ಅಪ್ಪ ಸೈಕಲ್ಲಿನಲ್ಲಿ ಹಿಂದೆ, ಅವನು ಮುಂದೆ. ಹಿಂದಿನಿಂದ ಅಪ್ಪ ಕೂಗಿ ಹೇಳುವ ಸ್ಟಾಪ್‌ವಾಚಿನ ಟೈಮು ಬಿಟ್ಟರೆ ಬೇರೆ ಮಾತು ಕೇಳಿಲ್ಲ. ಇದನ್ನೆಲ್ಲ ಅವನು ದೂರಿನಂತೆ ಹೇಳಲಿಲ್ಲ, ರೋಗಿಗೆ ಮೂಳೆ ಮುರಿದಿದೆ ಎಂದು ಹೇಳುವಾಗಿನ ಸಮಾಧಾನದಲ್ಲಿ ಹೇಳಿದ. ಭಾವ ಲೈಟಿನ ಸ್ಟ್ಯಾಂಡು ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದರು, ಅವರು ಹಾಗೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ, ಜನರ ಗುಂಪು ಸ್ವಲ್ಪ ಹಿಂದುಳಿದಾಗ, ಭಾವ ಗಟ್ಟಿ ಮನಸ್ಸು ಮಾಡಿದರು. ಸುಳ್ಳಿನ ಗುರುವಾಗಿ ಉಪದೇಶ ಮಾಡುವುದಕ್ಕಿಂತ ಮೊದಲು ನಿಜ ಹೇಳಿಬಿಡಬೇಕು ಎಂದು ಅವರಿಗೆ ಅನ್ನಿಸಿತ್ತು.

"ಕೋಚ್, ನಾನು ಓಟಗಾರ ಅಲ್ಲ. ನನಗೆ ಓಡೋಕೆ ಬರಲ್ಲ."

ಕೋಚ್ ನಕ್ಕರು. "ಓಟದ ವಾರ ಬಂತು ಅಂದ್ರೆ ದೊಡ್ಡವರೆಲ್ಲ ಹೀಗೇ ಅಂತಾರೆ, ಗುರುಗಳೇ. ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಹೊಟ್ಟೆನೋವು, ಒಬ್ಬ ಅಭ್ಯಾಸವೇ ಮಾಡಿಲ್ಲ ಅಂತಾನೆ. ಕೊನೆಗೆ ಗೆಲ್ಲೋದು ಅವನೇ."

"ನಿಜವಾಗ್ಲೂ ಅಭ್ಯಾಸ ಮಾಡಿಲ್ಲ."

"ಇದನ್ನ ನನ್ನ ಮಗನಿಗೂ ಕಲಿಸಬೇಕು ನೀವು," ಎಂದು ಕೋಚ್ ಭಾವನ ಬೆನ್ನು ತಟ್ಟಿದರು. ಆ ಏಟಿಗೆ ಭಾವ ಎರಡು ಹೆಜ್ಜೆ ಜೋರಾಗಿ ಮುಂದೆ ಹೋದರು, ಹಿಂದಿನಿಂದ ಹೆಡ್‌ಮಾಸ್ತರರು ವೇಗ ಜಾಸ್ತಿಯಾಯಿತು ಎಂದು ಆಕ್ಷೇಪಿಸಿದರು.

ಕೊನೆಗೆ ನಾನೂ ಭಾವನೂ ಕೂತು ಒಂದು ದಾರಿ ಹುಡುಕಿದೆವು. ಓಟದ ದಿನ ಅವರು ಎಲ್ಲರಿಗಿಂತ ಹಿಂದೆ ನಿಲ್ಲುವುದು, ಮೊದಲ ತಿರುವಿನ ಓಣಿಯಲ್ಲಿ ನಾನು ಸ್ಕೂಟರು ಇಟ್ಟುಕೊಂಡು ಕಾಯುವುದು, ಹೊಟ್ಟೆ ಕೆಟ್ಟಿತು ಎಂದು ಮನೆಗೆ ಕರೆತರುವುದು. ಹೊಟ್ಟೆ ಕೆಡುವುದು ಯಾರಿಗೂ ಅವಮಾನವಲ್ಲ. ಸಂಜೆಗೆ ಕೋಚ್ ಮದುವೆಗೆ ಹೂಂ ಎನ್ನುತ್ತಾರೆ, ಹುಡುಗನ ವಿಷಯ ಆಮೇಲೆ ನೋಡೋಣ. ಉಪಾಯ ಚೆನ್ನಾಗಿತ್ತು. ಅದರಲ್ಲಿ ಡಿಪೋ ಮ್ಯಾನೇಜರನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅಷ್ಟೇ.

ಓಟದ ದಿನ ಮ್ಯಾನೇಜರು ಎರಡು ಬಸ್ಸು ತುಂಬ ಸಿಬ್ಬಂದಿಯನ್ನು ಕರೆತಂದಿದ್ದರು. ನಮ್ಮ ಡಿಪೋದವರು ಹಿಂದೆ ನಿಲ್ಲುವುದೇ ಎಂದು ಭಾವನನ್ನು ತೋಳು ಹಿಡಿದು ತಳ್ಳಿ ತಳ್ಳಿ ಮೊದಲ ಸಾಲಿಗೆ ತಂದು ನಿಲ್ಲಿಸಿದರು, ಆ ಹುಡುಗನ ಪಕ್ಕದಲ್ಲೇ. ಪಿಸ್ತೂಲು ಸಿಡಿಯಿತು. ಅದೇ ಕ್ಷಣಕ್ಕೆ ಡ್ರೈವರುಗಳು ಎರಡೂ ಬಸ್ಸಿನ ಹಾರ್ನು ಒತ್ತಿದರು. ನಮ್ಮ ಭಾವ ಬೆಚ್ಚಿಬಿದ್ದು ಓಡಿದರು.

ಆ ಮನುಷ್ಯನ ಮೈಯಲ್ಲಿ ಐವತ್ತು ವರ್ಷ ಸೇರಿಕೊಂಡಿದ್ದ ಚಡಪಡಿಕೆಯೆಲ್ಲ ಅಂದು ಕಾಲಿಗೆ ಇಳಿದಿರಬೇಕು. ಎಲ್ಲರಿಗಿಂತ ಮುಂದೆ ಓಡಿದರು. ನಾನು ಕಾಯುತ್ತಿದ್ದ ಓಣಿಯನ್ನು ನನ್ನತ್ತ ಕಣ್ಣೆತ್ತಿಯೂ ನೋಡದೆ ದಾಟಿದರು. ಹಿಂದೆ ಹುಡುಗ, ಅವನ ಹಿಂದೆ ಉಳಿದವರು. ನಾನು ಸ್ಕೂಟರು ಹತ್ತಿ ಬೆನ್ನಟ್ಟಿದೆ. ಔಷಧಿ ಅಂಗಡಿಯವರೆಗೆ ಊರ ಓಟದಲ್ಲಿ ನಮ್ಮ ಭಾವನೇ ಮೊದಲು, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಔಷಧಿ ಅಂಗಡಿಯ ಮುಂದೆ ಕಾಲುಗಳು ಮಡಚಿಕೊಂಡವು, ಅವರು ಚರಂಡಿಯ ಕಲ್ಲಿನ ಮೇಲೆ ಕೂತು ಹಾಗೇ ಮಗ್ಗುಲಿಗೆ ಒರಗಿದರು.

ಹುಡುಗ ನಿಂತ. ಮುಂದೆ ರಸ್ತೆ ಖಾಲಿ ಇತ್ತು, ಅಂದು ಅವನು ಗೆಲ್ಲುವುದನ್ನು ತಡೆಯುವವರು ಯಾರೂ ಇರಲಿಲ್ಲ. ಆದರೂ ನಿಂತು, ಭಾವನ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ಶೂ ಬಿಚ್ಚತೊಡಗಿದ. ಉಳಿದವರು ಒಬ್ಬೊಬ್ಬರಾಗಿ ದಾಟಿ ಹೋದರು. ಕೋಚ್ ಸೈಕಲ್ಲು ಬಿಸಾಡಿ ಬಂದರು. ಏಳು, ಇನ್ನೂ ಹೊತ್ತು ಮೀರಿಲ್ಲ, ಓಡು ಎಂದು ಮಗನ ಭುಜ ಹಿಡಿದು ಅಲುಗಾಡಿಸಿದರು. ಆಸ್ಪತ್ರೆಯವರು ಅಲ್ಲೇ ಹತ್ತಿರ ಹಾಕಿದ್ದ ಪ್ರಥಮ ಚಿಕಿತ್ಸೆಯ ಡೇರೆಯಿಂದ ಪುಟ್ಟಿ ಓಡಿ ಬಂದಳು. ನಮ್ಮ ಮನೆಯವರಲ್ಲಿ ಅಂದು ಲಕ್ಷಣವಾಗಿ ಓಡಿದವಳು ಅವಳೊಬ್ಬಳೇ. ಅವಳ ಹಿಂದೆ ಅಕ್ಕ. ಪುಟ್ಟಿ ಅಪ್ಪನ ನಾಡಿ ಹಿಡಿದು ನೋಡಿ, ಏನೂ ಆಗಿಲ್ಲ, ಸುಸ್ತು ಅಷ್ಟೇ ಎಂದಾಗ ಅಕ್ಕ ಅಲ್ಲೇ ರಸ್ತೆಯಲ್ಲಿ ಕೂತುಬಿಟ್ಟಳು.

ಭಾವ ಕಣ್ಣು ಬಿಟ್ಟರು. "ಕೋಚ್," ಎಂದರು, "ನೂರೆಂಬತ್ತು ನಾನಲ್ಲ. ಗುಡ್ಡದ ಮೇಲಿನ ಬಸ್ಸು. ನಾನು ಯಾವತ್ತೂ ಓಡಿದವನಲ್ಲ. ಹುಡುಗಿಗೋಸ್ಕರ ಸುಳ್ಳು ಹೇಳಿದೆ."

ಈ ಸಲ ಕೋಚ್ ನಗಲಿಲ್ಲ. ಅಷ್ಟು ಹೊತ್ತಿಗೆ ಬಂದು ನಿಂತಿದ್ದ ಡಿಪೋ ಮ್ಯಾನೇಜರನ್ನು ನೋಡಿದರು. ಹೌದು, ಬೆಳಗಿನ ಆರರ ಬಸ್ಸು, ಹೋಗೋದಕ್ಕೆ ಮಾತ್ರ ನೂರೆಂಬತ್ತು ಎಂದು ಅವರು ಅಧಿಕೃತವಾಗಿ ದೃಢಪಡಿಸಿದರು. ಕೋಚ್ ಮುಖ ಕಪ್ಪಿಟ್ಟಿತು. ಅವರು ಮಗನತ್ತ ತಿರುಗಿ, ಒಬ್ಬ ಸುಳ್ಳುಗಾರನಿಗಾಗಿ ನಿಂತೆಯಲ್ಲ, ಇಷ್ಟು ವರ್ಷದ ಕಷ್ಟ ಎಲ್ಲ ನೀರಿಗೆ ಹಾಕಿದೆಯಲ್ಲ ಎಂದರು.

ಹುಡುಗ ಎದ್ದ.

"ಅಪ್ಪ, ಇವರ ಜೊತೆ ಒಂದು ತಿಂಗಳು ಪಕ್ಕದಲ್ಲಿ ನಡೆದು ಮಾತಾಡಿದ್ರಿ. ಅಮ್ಮನ ವಿಷಯನೂ ಹೇಳಿದ್ರಂತೆ. ನನ್ನ ಹಿಂದೆ ಇಷ್ಟು ವರ್ಷ ಬಂದ್ರಿ, ಬರೀ ಟೈಮ್ ಹೇಳಿದ್ರಿ. ನನಗೆ ಓಡೋದು ಬೇಡ. ನಿಲ್ಲೋಕೆ ಒಂದು ಕಾರಣ ಬೇಕಿತ್ತು, ಇವರು ಬಿದ್ರು."

ಓಟದ ಕಟ್ಟಕಡೆಯ ಗುಂಪು, ನಮ್ಮ ಬೀದಿಯವರೇ, ಹೆಡ್‌ಮಾಸ್ತರರ ನೇತೃತ್ವದಲ್ಲಿ ಸರಿಯಾದ ವೇಗದಲ್ಲಿ ಬರುತ್ತಿತ್ತು. ಅವರು ನಮ್ಮನ್ನು ದಾಟಿ ಹೋಗಲು ಬಹಳ ಹೊತ್ತು ಹಿಡಿಯಿತು, ಅಷ್ಟೂ ಹೊತ್ತು ಕೋಚ್ ನೆಲ ನೋಡುತ್ತ ನಿಂತಿದ್ದರು. ನನಗಂತೂ ಎಲ್ಲ ಮುಗಿಯಿತು ಎಂದೇ ಅನ್ನಿಸಿತ್ತು.

ಕೊನೆಗೆ ಕೋಚ್ ಭಾವನನ್ನು ಕೇಳಿದರು. "ಆ ಕೊಡೆಗಳ ವಿಷಯ ಹೇಳಿದ್ರಲ್ಲ. ಹಲ್ಲಿನ ಸೆಟ್ಟು. ಅದಾದ್ರೂ ನಿಜವಾ?"

"ಅದೆಲ್ಲ ನಿಜ."

ಕೋಚ್ ಬಗ್ಗಿ ಭಾವನ ಒಂದು ತೋಳು ಹಿಡಿದರು, ಹೀಗೇ ಕೂತರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಗೊಣಗುತ್ತ ಎಬ್ಬಿಸಿದರು. ಇನ್ನೊಂದು ತೋಳು ಮಗ ಹಿಡಿದ. ಸ್ಕೂಟರು ಇದೆ ಎಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಭಾವ ಬರಿಗಾಲಿನಲ್ಲಿ, ಇಬ್ಬರ ನಡುವೆ ಜೋತುಬಿದ್ದು, ಓಟದ ಕೊನೆಯ ಗೆರೆಯತ್ತ ನಡೆದರು. ನಾವು ಹಿಂದೆ.

ಒಂದು ತಿರುವು ದಾಟಿದರು. ಆಮೇಲೆ ಕೋಚ್ ಮಗನಿಗೆ, ಏನಾದ್ರೂ ಮಾತಾಡು ಎಂದರು. ಹುಡುಗ ಒದ್ದಾಡಿ, ಮೊನ್ನೆ ಒಬ್ಬ ಮುದುಕ ಮೂಗುಬೊಟ್ಟು ನುಂಗಿಬಿಟ್ಟಿದ್ದೇನೆ ಎಂದು ಎಕ್ಸ್‌ರೇಗೆ ಬಂದಿದ್ದು, ಫಿಲ್ಮಿನಲ್ಲಿ ಅದರ ಬದಲು ಅಂಗಿಯ ಗುಂಡಿ ಕಂಡದ್ದು ಹೇಳತೊಡಗಿದ. ಕೋಚ್ ಮೊದಲು ಬರೀ ಹೂಂ ಎಂದರು, ಆಮೇಲೆ ಮುದುಕನಿಗೆ ಮೂಗುಬೊಟ್ಟು ಯಾಕೆ ಎಂದು ಕೇಳಿದರು, ಆಮೇಲೆ ನಕ್ಕರು. ಭಾವ ಅವರಿಬ್ಬರ ನಡುವೆ ತುಟಿ ಬಿಗಿದುಕೊಂಡಿದ್ದರು. ಗುಂಡಿಯ ವಿಷಯ ಬಂದಾಗ ಅವರಿಗೆ ಡಿಪೋದ ಹತ್ತು ಕಥೆ ನೆನಪಾಗಿರಬೇಕು, ಬಾಯಿ ಎರಡು ಸಲ ತೆರೆದು ಮುಚ್ಚಿತು, ಆದರೂ ಒಂದು ಮಾತೂ ಆಡಲಿಲ್ಲ. ಮಗಳಿಗಾಗಿ ಅವರು ಮಾಡಿದ್ದರಲ್ಲಿ ಅತಿ ಕಷ್ಟದ ಕೆಲಸ ಅದೇ ಎಂದು ನಾನು ಈಗಲೂ ಹೇಳುತ್ತೇನೆ.

ಓಟ ಮುಗಿಸಿದ ಜನ ಎದುರಿನಿಂದ ಮನೆಗೆ ಹೊರಟಿದ್ದರು. ಪೆಂಡಾಲಿನ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ಸದ್ದು ಕೇಳಿಸುತ್ತಿತ್ತು. ಅಕ್ಕ ನನ್ನ ಪಕ್ಕದಲ್ಲಿ ಕಣ್ಣು ಒರೆಸಿಕೊಳ್ಳುತ್ತ, ಇನ್ನು ಇವರು ಯಾವ ಮುಖ ಇಟ್ಟುಕೊಂಡು ಮದುವೆಯ ಮಾತು ಎತ್ತುವುದು ಎಂದು ಪಿಸುಗುಟ್ಟುತ್ತಿದ್ದಳು. ಮುಂದೆ ರಸ್ತೆ ಅಗೆದಿದ್ದರು. ಕೋಚ್ ಮಗನ ಮಾತು ಕೇಳುತ್ತಲೇ ಭಾವನ ತೋಳನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಿಧಾನ ಬೀಗರೇ," ಎಂದರು, "ಗುಂಡಿ ಇದೆ."

ಅಕ್ಕ ನಿಂತುಬಿಟ್ಟಳು. ನನ್ನ ಕೈ ಗಟ್ಟಿಯಾಗಿ ಹಿಡಿದು, ಈಗ ಅವರು ಏನಂದ್ರು, ಇನ್ನೊಂದು ಸಲ ಹೇಳೋ ಎಂದಳು. ನಾನು ಹೇಳಿದೆ.